ಆಲ್ಪ್ಸ್‌ಗೆ ಆರು ಜನ, ಐದು ಬೈಕು, ಹತ್ತು ದಿನ: ಪ್ಲಾನ್ ನೋಡಿ ಬೈಯಿರಿ

ಬಿಸಿಲೆ ಬುಲೆಟ್:

ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಕೊಯ್ಲು ಮುಗೀತಾ ಬಂತು, ಕೈಯಲ್ಲಿ ನಾಲ್ಕು ಕಾಸು ಇದೆ. ಈ ವರ್ಷ ಬಿಟ್ರೆ ಇನ್ನು ಆಗಲ್ಲ ಅಂತ ಯುರೋಪಿಗೆ ಹೊರಟಿದ್ದೀವಿ. ನಾನು, ಮೂವರು ಗೆಳೆಯರು, ಭಾವ, ಭಾವನ ಹಿಂದೆ ಅಕ್ಕ. 2019ರಲ್ಲಿ ಇದೇ ಐದು ಜನ ಗಂಡಸರು ಮನಾಲಿ ಮೇಲೆ ಲೇಹ್‌ಗೆ ಹೋಗಿ ಖರ್ದುಂಗ್ ಲಾ ಹತ್ತಿ ಬಂದವರು. ಬಿಸಿಲೆ, ಶಿರಾಡಿ, ಚಾರ್ಮಾಡಿ ಎಲ್ಲ ಮನೆ ಅಂಗಳ ಇದ್ದ ಹಾಗೆ.

ಪ್ಲಾನ್ ಹೀಗಿದೆ. ಮೇ ಕೊನೇ ವಾರ, ಮಕ್ಕಳ ರಜೆ ಮುಗಿಯೋದರೊಳಗೆ. ಬೆಳಿಗ್ಗೆ ಮ್ಯೂನಿಕ್‌ನಲ್ಲಿ ಇಳಿದು ಬಾಡಿಗೆ ಬೈಕ್ ತಗೊಂಡು ಅವತ್ತೇ ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಘಾಟಿ. ಎರಡನೇ ದಿನ ಇಟಲಿಯ ಡೊಲೊಮೈಟ್ಸ್ ಬೆಟ್ಟ ಪೂರ್ತಿ. ಮೂರಕ್ಕೆ ಅಲ್ಲಿನದೇ ಸ್ಟೆಲ್ವಿಯೊ ಘಾಟಿ. ನಾಲ್ಕಕ್ಕೆ ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರೂ. ಐದಕ್ಕೆ ಫ್ರಾನ್ಸಿನ ಶಮೊನಿ. ಆಮೇಲೆ ಇಂಟರ್ಲಾಕೆನ್, ಬ್ಲ್ಯಾಕ್ ಫಾರೆಸ್ಟ್, ವಾಪಸ್ ಮ್ಯೂನಿಕ್. ದಿನಕ್ಕೆ 350-400 ಕಿ.ಮೀ., ಒಟ್ಟು 3,500 ಚಿಲ್ಲರೆ. ಐದು ದೇಶ.

ಸ್ಟೆಲ್ವಿಯೊ 2,757 ಮೀಟರ್ ಅಂತೆ. ಖರ್ದುಂಗ್ ಲಾದ ಅರ್ಧ ಆಯ್ತು ಅಷ್ಟೇ, ರಸ್ತೆನೂ ಬೆಣ್ಣೆ ಇದ್ದ ಹಾಗೆ ಇರುತ್ತೆ. ಹಾಗಾಗಿ ಕಿ.ಮೀ. ಬಗ್ಗೆ ನಮಗೆ ಅಷ್ಟು ಹೆದರಿಕೆ ಇಲ್ಲ. ಹೆದರಿಕೆ ಇರೋದು ಕಾಗದಪತ್ರದ್ದು: ನಮ್ಮ ಡಿಎಲ್ ನಡೆಯುತ್ತಾ, ವೀಸಾ ಯಾವ ದೇಶಕ್ಕೆ ಹಾಕಬೇಕು? ಇನ್ನೊಂದು, ಭಾವ ಸಸ್ಯಾಹಾರಿ, ಅಕ್ಕ ಮೊಟ್ಟೆನೂ ಮುಟ್ಟಲ್ಲ. ಹತ್ತು ದಿನ ಏನು ತಿನ್ನೋದು? ಹೋಗಿ ಬಂದವರು ಹೇಳಿ. ತಪ್ಪಿದ್ರೆ ಬೈದೇ ಹೇಳಿ, ಬೇಜಾರಿಲ್ಲ.

ಹಿನ್ನೀರು:

ಬೈಯೋಕೆ ನೀವೇ ಹೇಳಿದ್ದೀರಿ, ನನ್ನ ತಪ್ಪಲ್ಲ. ಪ್ಲಾನ್ ಓದ್ತಾ ಓದ್ತಾ ಕಾಫಿ ನೆತ್ತಿಗೇರಿತು ಮಾರಾಯ್ರೆ.

ನಾನು ಸಾಗರದವನು. ಮ್ಯೂನಿಕ್‌ಗೆ ಬಂದು ಹನ್ನೊಂದು ವರ್ಷ. ಊರಿಂದ ಬಂದ ಗೆಳೆಯರನ್ನ ಮೂರು ಸಲ ಈ ಘಾಟಿಗಳಿಗೆ ಕಟ್ಟಿಕೊಂಡು ಹೋಗಿದ್ದೇನೆ. ಮೊದಲ ಸಲ ನಾನೂ ನಿಮ್ಮದೇ ಥರದ ಪಟ್ಟಿ ಮಾಡಿದ್ದೆ. ನಾಲ್ಕನೇ ದಿನ ರಾತ್ರಿ ಊಟಕ್ಕೆ ಕೂತಾಗ ಐದು ಜನದಲ್ಲಿ ಒಬ್ಬರೂ ಇನ್ನೊಬ್ಬರ ಜೊತೆ ಮಾತಾಡಲಿಲ್ಲ. ಚಮಚದ ಸದ್ದು ಬಿಟ್ಟರೆ ಏನಿಲ್ಲ. ಆವತ್ತು 410 ಕಿ.ಮೀ. ಓಡಿಸಿದ್ವಿ.

ಮೊದಲು ತಿಂಗಳು. ಮೇ ಬಿಟ್ಟುಬಿಡಿ. ಸ್ಟೆಲ್ವಿಯೊ ತೆರೆಯೋದೇ ಮೇ ಕೊನೆಗೋ ಜೂನ್‌ಗೋ, ಅದೂ ಹಿಮ ಎಷ್ಟು ಬಿದ್ದಿದೆ ಅನ್ನೋದರ ಮೇಲೆ. ಟಿಮೆಲ್ಸ್‌ಯೋಖ್, ಫುರ್ಕಾ, ಸುಸ್ಟೆನ್ ಇನ್ನೂ ತಡ. ನೀವು ಬರೋ ಹೊತ್ತಿಗೆ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಸುರಂಗದಲ್ಲಿ ಹೋಗಬೇಕಾಗುತ್ತೆ. ಜುಲೈನಲ್ಲಿ ಮಧ್ಯಾಹ್ನ ಮೂರಾದ ಮೇಲೆ ಗುಡುಗು ಮಳೆ ಜಾಸ್ತಿ. ಆಗಸ್ಟ್ 15ರ ಹಿಂದೆ ಮುಂದೆ ಇಡೀ ಇಟಲಿ ರಜೆಯಲ್ಲಿ ರಸ್ತೆ ಮೇಲೆ ಇರುತ್ತೆ, ರೂಮೂ ಸಿಗಲ್ಲ. ಒಳ್ಳೇ ಕಾಲ ಅಂದ್ರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ನಿಮ್ಮ ಕಡೆ ಆಗ ಮಳೆ, ತೋಟದಲ್ಲಿ ಅಂಥಾ ತಲೆ ಹೋಗೋ ಕೆಲಸ ಇರಲ್ಲ ಅಂದುಕೊಳ್ತೇನೆ. ಆದರೆ 2026ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ. ಅಕ್ಕನೂ ಜೊತೆಗಿರೋದರಿಂದ ಹಬ್ಬಕ್ಕೆ ಮನೇಲಿ ಇರಲೇಬೇಕು ಅಲ್ವಾ? ಇತ್ತ ಸೆಪ್ಟೆಂಬರ್ 15 ದಾಟಿದ ಮೊದಲ ಶನಿವಾರ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಶುರು. ಹೆಸರು ಅಕ್ಟೋಬರ್, ಹಬ್ಬ ಸೆಪ್ಟೆಂಬರ್‌ನದು. ಆಗ ಹೋಟೆಲ್ ಬಾಡಿಗೆ ಕೇಳಿದ್ರೆ ಎದೆ ಹಿಡ್ಕೋಬೇಕು. ಹಾಗಾಗಿ ಆಗಸ್ಟ್ 29ಕ್ಕೆ ಬಂದು ಸೆಪ್ಟೆಂಬರ್ 10ರೊಳಗೆ ಊರು ಸೇರಿಕೊಳ್ಳಿ. ಗಣಪತಿಯೂ ಒಪ್ತಾನೆ, ಬಿಯರ್‌ನವರೂ ಒಪ್ತಾರೆ.

ಈಗ ಖರ್ದುಂಗ್ ಲಾ ಮಾತು. ಎತ್ತರ ಇಲ್ಲಿ ಸಮಸ್ಯೆಯೇ ಅಲ್ಲ, ಯಾರಿಗೂ ಉಸಿರು ಕಟ್ಟಲ್ಲ. ರಸ್ತೆ ಬೆಣ್ಣೆ ಅನ್ನೋದೂ ನಿಜ. ಸಮಸ್ಯೆ ಇರೋದು ಬಲಗಡೆಯಲ್ಲಿ. ನಮ್ಮಲ್ಲಿ ಎಡಗಡೆ ಓಡಿಸೋದರಿಂದ ಆಗುಂಬೆಯ ಹದಿನಾಲ್ಕು ಹೇರ್‌ಪಿನ್‌ಗಳಲ್ಲಿ ಎಡ ತಿರುವು ಒಳಸುತ್ತು, ಬಲ ತಿರುವು ಹೊರಸುತ್ತು. ಕೈ, ಕಣ್ಣು, ಸೊಂಟ ಎಲ್ಲಾ ಅದಕ್ಕೇ ಪಳಗಿದೆ. ಇಲ್ಲಿ ಪೂರ್ತಿ ಉಲ್ಟಾ. ಪ್ರಾದ್ ಊರಿನ ಕಡೆಯಿಂದ ಸ್ಟೆಲ್ವಿಯೊ ಹತ್ತುವಾಗ 48 ಹೇರ್‌ಪಿನ್, ಒಂದೊಂದಕ್ಕೂ ನಂಬರ್ ಕಲ್ಲು ನೆಟ್ಟಿದ್ದಾರೆ. 1820ರಿಂದ 1825ರವರೆಗೆ ಆಸ್ಟ್ರಿಯಾದ ದೊರೆತನಕ್ಕೆ ಕಾರ್ಲೊ ದೊನೆಗಾನಿ ಅನ್ನೋ ಎಂಜಿನಿಯರ್ ಕಟ್ಟಿಸಿದ ರಸ್ತೆ. ಕುದುರೆಗಾಡಿಗೆ ಅಂತ ಮಾಡಿದ್ದು, 1250 ಸಿಸಿಗೆ ಅಲ್ಲ. ಅದರ ಬಲ ತಿರುವು ಅಂದ್ರೆ ಅಂಗೈಯಷ್ಟು ಜಾಗದಲ್ಲಿ ಮೇಲಕ್ಕೂ ಏರಬೇಕು, ಹಿಂದಕ್ಕೂ ತಿರುಗಬೇಕು. ಹೆದರಿ ಕ್ಲಚ್ ಹಿಡಿದ್ರೆ ಬೈಕ್ ನಿಂತು ಬಲಕ್ಕೆ ವಾಲುತ್ತೆ. ಬಲಗಾಲು ಕೆಳಗಿಟ್ಟರೆ ನೆಲವೇ ಸಿಗಲ್ಲ, ಇಳಿಜಾರು ಆ ಕಡೆಗೇ. ಅಗಲ ತಗೊಂಡ್ರೆ ಎದುರಿನ ಲೇನಿನಲ್ಲಿ ಕಾರಿನ ಬಾನೆಟ್. ನನ್ನ ಗೆಳೆಯ ಒಬ್ಬ, ಇಪ್ಪತ್ತು ವರ್ಷದ ಸವಾರ, ಹೆಂಡತಿ ಹಿಂದೆ, ಎರಡೂ ಕಡೆ ಪೆಟ್ಟಿಗೆ ತುಂಬ ಲಗೇಜು, ನಡೆಯೋ ಸ್ಪೀಡಿನಲ್ಲಿ ಹೀಗೇ ಮಗುಚಿದ. ಯಾರಿಗೂ ಏನೂ ಆಗಲಿಲ್ಲ. ಬಾಡಿಗೆಯವರು ಲಿವರ್, ಪೆಟ್ಟಿಗೆ, ಗೀರು ಅಂತ ಲೆಕ್ಕ ಹಾಕಿ ಡೆಪಾಸಿಟ್‌ನಲ್ಲಿ 640 ಯೂರೋ ಮುರಿದುಕೊಂಡರು.

ಇನ್ನೊಂದು, ಖಾಲಿ ರಸ್ತೆ. ಎದುರಿಗೆ ಗಾಡಿ ಬರ್ತಿದ್ರೆ ಬಲಗಡೆ ಇರಬೇಕು ಅನ್ನೋದು ನೆನಪಿರುತ್ತೆ. ಪೆಟ್ರೋಲ್ ಬಂಕಿನಿಂದ ಹೊರಟಾಗ, ಫೋಟೊಗೆ ನಿಂತು ಹೊರಟಾಗ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದಾಗ ತಾನಾಗಿ ಎಡಕ್ಕೆ ಹೋಗ್ತೀವಿ. ನಾನು ಬಂದವರ ಬೈಕ್ ಟ್ಯಾಂಕ್ ಮೇಲೆ ಹಳದಿ ಟೇಪಿನಲ್ಲಿ ಬಲಕ್ಕೊಂದು ಬಾಣ ಅಂಟಿಸಿಯೇ ಕೀ ಕೊಡೋದು. ನಗ್ತಾರೆ. ನಗಲಿ.

ಹಾರ್ನ್ ವಿಷಯ: ತಿರುವು ತಿರುವಿಗೂ ಹೊಡೀಬೇಡಿ, ಜನ ಕಿಟಕಿ ತೆಗೆದು ನೋಡ್ತಾರೆ. ಆದರೆ ಸ್ವಿಟ್ಜರ್ಲೆಂಡಿನ ಘಾಟಿಯಲ್ಲಿ ಮೂರು ಸ್ವರದ ಹಾರ್ನ್ ಕೇಳಿದರೆ ಅಲ್ಲೇ ಬದಿಗೆ ಸರಿದು ನಿಲ್ಲಿ. ಅದು ಹಳದಿ ಪೋಸ್ಟ್ ಬಸ್ಸು. ನೀಲಿ ಫಲಕದಲ್ಲಿ ಹಳದಿ ಕೊಂಬು ಇರೋ ರಸ್ತೆಗಳಲ್ಲಿ ಅದಕ್ಕೇ ಮೊದಲ ಹಕ್ಕು, ಡ್ರೈವರ್ ಹಿಂದೆ ಹೋಗು ಅಂದ್ರೆ ಹಿಂದೆ ಹೋಗಬೇಕು. ನಮ್ಮ ಗಜಾನನ ಬಸ್ಸಿಗೆ ದಾರಿ ಬಿಟ್ಟು ಬೆಳೆದ ನನಗೆ ಇದೇನೂ ಕಷ್ಟ ಆಗಲಿಲ್ಲ.

ಗುಂಪಿನ ವಿಷಯಕ್ಕೆ ನನ್ನದೇ ತಪ್ಪು ಹೇಳ್ತೇನೆ. ಎರಡನೇ ಸಲ ನಾನು ಮುಂದೆ. ಸ್ಟೆಲ್ವಿಯೊ ನೆತ್ತಿಯಿಂದ ಬೋರ್ಮಿಯೊ ಕಡೆ ಸುಮಾರು ಮೂರು ಕಿ.ಮೀ. ಇಳಿದರೆ ಬಲಕ್ಕೆ ಉಂಬ್ರೈಲ್ ರಸ್ತೆ ಒಡೆಯುತ್ತೆ. ಅದು 2,501 ಮೀಟರ್, ಸ್ವಿಟ್ಜರ್ಲೆಂಡಿಗೆ ಇಳಿಯೋ ದಾರಿ. ನಾನು ಜುಮ್ ಅಂತ ತಿರುಗಿ ಸಾಂತಾ ಮಾರಿಯಾ ಊರಿಗೆ ಇಳಿದು ಕಾಫಿ ಹೇಳಿದೆ. ಕೊನೆಯವನು ಬರಲೇ ಇಲ್ಲ. ಅವನು ತಿರುವು ನೋಡದೆ ನೆಟ್ಟಗೆ ಬೋರ್ಮಿಯೊಗೆ ಇಳಿದಿದ್ದ. ಫೋನ್ ಮಾಡೋಣ ಅಂದ್ರೆ ಅವನ ಸಿಮ್ ಇಟಲಿಯಲ್ಲಿ ಜೀವಂತ, ನನ್ನದು ಸ್ವಿಸ್ ಗಡಿ ದಾಟಿದ ಕೂಡಲೇ ಸತ್ತಿತ್ತು. ಸ್ವಿಟ್ಜರ್ಲೆಂಡ್ ಒಂದೇ ವೀಸಾ ನಡೆಯೋ ಶೆಂಗೆನ್ ಗುಂಪಿನಲ್ಲಿದೆ, ಆದರೆ ಐರೋಪ್ಯ ಒಕ್ಕೂಟದಲ್ಲಿಲ್ಲ. ತುಂಬಾ ಸಿಮ್ ಪ್ಯಾಕ್‌ಗಳಲ್ಲಿ ಅದು ಸೇರಿರಲ್ಲ. ಎರಡೂವರೆ ಗಂಟೆ ಆದ ಮೇಲೆ ಬಂದ. ಹೆಲ್ಮೆಟ್ ತೆಗೆದು ಒಂದೇ ಮಾತು ಹೇಳಿದ: "ಹಿಂದೆ ನೋಡೋ ಕನ್ನಡಿ ನಿನ್ನ ಬೈಕಿಗೆ ಕೊಟ್ಟಿರಲಿಲ್ವೇನೋ?" ಆವತ್ತಿಂದ ನಮ್ಮಲ್ಲಿ ಒಂದೇ ನಿಯಮ. ರಸ್ತೆ ಒಡೆಯೋ ಕಡೆ, ನಿಮ್ಮ ಹಿಂದಿನವನು ಕಣ್ಣಿಗೆ ಬೀಳೋವರೆಗೆ ನೀವು ಅಲ್ಲಾಡೋ ಹಾಗಿಲ್ಲ. ನಿಧಾನದವರು ಯಾವಾಗಲೂ ಮುಂದಾಳಿನ ಬೆನ್ನಿಗೆ. ನಿಮ್ಮಲ್ಲಿ ಅದು ಭಾವ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ದಿನದ ದೂರ ಅರ್ಧಕ್ಕಿಂತ ಕಡಿಮೆ ಮಾಡಿ, ಒಂದೇ ಊರಿನಲ್ಲಿ ಮೂರು ನಾಲ್ಕು ರಾತ್ರಿ ಉಳೀರಿ. ಲಗೇಜು ರೂಮಿನಲ್ಲಿ, ಬೈಕ್ ಹಗುರ, ಮಳೆ ಬಂದ್ರೆ ಒಂದು ದಿನ ಹೊದ್ದು ಮಲಗಬಹುದು. ನಾನಾದರೆ ಹೀಗೆ ಹೋಗ್ತೀನಿ:

ಇಳಿದ ದಿನ ನಿದ್ದೆ. ಬೈಕ್ ಮುಟ್ಟಬೇಡಿ. ಮಾರನೇ ದಿನ ಕೋಖೆಲ್, ವಾಲ್ಖೆನ್‌ಸೀ ಕೆರೆ, ಮಿಟೆನ್‌ವಾಲ್ಡ್ ಮೇಲೆ ಆಸ್ಟ್ರಿಯಾದ ಓಟ್ಜ್ ಕಣಿವೆಗೆ, ಸುಮಾರು 150 ಕಿ.ಮೀ. ಹೆದ್ದಾರಿ ಮುಟ್ಟದೇ ಹೋದರೆ ಆಸ್ಟ್ರಿಯಾದ ಹೆದ್ದಾರಿ ಟೋಲಿನ ವಿಗ್ನೆಟ್ ಚೀಟಿಯೂ ಬೇಡ. ದಾರಿಯಲ್ಲಿ ಕೆಂಪು ವೃತ್ತದೊಳಗೆ ಬೈಕಿನ ಚಿತ್ರ ಕಂಡರೆ ಕೆಳಗೆ ಬರೆದಿರೋದನ್ನ ನಿಂತು ಓದಿ. ಕೆಲವು ರಸ್ತೆಗಳಲ್ಲಿ ಶನಿವಾರ ಭಾನುವಾರ ಬೈಕ್ ಬಿಡಲ್ಲ. ಅದರ ಮಾರನೇ ದಿನ ಟಿಮೆಲ್ಸ್‌ಯೋಖ್, 2,474 ಮೀಟರ್, ಟೋಲ್ ಇದೆ. ಹತ್ತೋ ಮೊದಲು ಹಳೇ ಬೈಕುಗಳ ಮ್ಯೂಸಿಯಂ ಸಿಗುತ್ತೆ. 2021ರ ಜನವರಿಯಲ್ಲಿ ಬೆಂಕಿ ಬಿದ್ದು ಪೂರ್ತಿ ಸುಟ್ಟಿತ್ತು, ಅದೇ ವರ್ಷ ಮತ್ತೆ ಕಟ್ಟಿ ತೆರೆದರು. ಆ ಕಡೆ ಇಳಿದರೆ ಇಟಲಿ. ಮೆರಾನೊ ದಾಟಿ ಸೇಬಿನ ತೋಟಗಳ ನಡುವೆ ಪ್ರಾದ್. ಇಟಲಿ ಅಂತ ಹೆಸರು, ಮಾತೆಲ್ಲ ಜರ್ಮನ್. ಮೊದಲ ಮಹಾಯುದ್ಧ ಮುಗಿಯೋವರೆಗೆ ಇದು ಆಸ್ಟ್ರಿಯಾದ್ದೇ ಆಗಿತ್ತು.

ಪ್ರಾದ್‌ನಲ್ಲಿ ನಾಲ್ಕು ರಾತ್ರಿ. ಒಂದು ದಿನ ಬೆಳಿಗ್ಗೆ ಏಳಕ್ಕೇ ಹೊರಟು ಸ್ಟೆಲ್ವಿಯೊ, ಉಂಬ್ರೈಲ್, ಸಾಂತಾ ಮಾರಿಯಾ, ವಾಪಸ್: ಬರೀ 70 ಕಿ.ಮೀ. ಸುತ್ತು. ಒಂಬತ್ತರ ಮೇಲೆ ಸೈಕಲ್‌ನವರು, ಕಾರವ್ಯಾನ್‌ಗಳು ಎಲ್ಲಾ ಸೇರಿ ಜಾತ್ರೆ. ವರ್ಷಕ್ಕೊಂದು ದಿನ, ಹೆಚ್ಚಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಶುರುವಿನಲ್ಲಿ, ಇಡೀ ರಸ್ತೆ ಸೈಕಲ್‌ಗೆ ಮಾತ್ರ ಬಿಡ್ತಾರೆ. ರೂಮ್ ಹಿಡಿಯೋ ಮೊದಲು ಆ ತಾರೀಕು ನೋಡ್ಕೊಳ್ಳಿ. ಇನ್ನೊಂದು ದಿನ ಸ್ಟೆಲ್ವಿಯೊ ದಾಟಿ ಬೋರ್ಮಿಯೊ, ಲಿವಿನ್ಯೊ, ಸುರಂಗ, ಓಫೆನ್ ಪಾಸ್, 150 ಕಿ.ಮೀ. ಲಿವಿನ್ಯೊಗೆ ತೆರಿಗೆ ವಿನಾಯಿತಿ ಇದೆ, ಪೆಟ್ರೋಲ್ ಅಗ್ಗ, ಖಾಲಿ ಟ್ಯಾಂಕಿನಲ್ಲಿ ಹೋಗಿ. ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋಗೋ ಸುರಂಗ ಒಂದೇ ಲೇನ್, ಒಮ್ಮೆ ಈ ಕಡೆಯವರನ್ನ, ಒಮ್ಮೆ ಆ ಕಡೆಯವರನ್ನ ಬಿಡ್ತಾರೆ.

ಉಳಿದ ಒಂದು ದಿನ ಬೈಕ್ ಜಾಸ್ತಿ ಓಡಿಸದೇ ರೆಶೆನ್ ಕೆರೆಗೆ ಹೋಗಿ. ಅರ್ಧ ಗಂಟೆಯ ದಾರಿ. ನೀರಿನ ನಡುವೆ ಚರ್ಚಿನ ಗೋಪುರ ಒಂದೇ ನಿಂತಿದೆ. 1950ರಲ್ಲಿ ಕರೆಂಟಿಗೆ ಅಂತ ಅಣೆಕಟ್ಟು ಕಟ್ಟಿ ಗ್ರೌನ್ ಅನ್ನೋ ಹಳ್ಳಿ ಮುಳುಗಿಸಿದರು. ಹದಿನಾಲ್ಕನೇ ಶತಮಾನದ ಗೋಪುರ ಮಾತ್ರ ಉಳೀತು. ನಿಮಗೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಗೊತ್ತಲ್ಲ, ಹಾಗೇ. ಎಲ್ಲರೂ ಸೆಲ್ಫಿ ತಗೊಂಡು ಐದು ನಿಮಿಷಕ್ಕೆ ಹೊರಡ್ತಾರೆ. ನನಗೆ ಮಾತ್ರ ಅಲ್ಲಿಂದ ಬೇಗ ಏಳೋಕೆ ಆಗಲ್ಲ. ನಮ್ಮಜ್ಜನ ಮನೆ ಲಿಂಗನಮಕ್ಕಿಯಲ್ಲಿ ಹೋಗಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ದಂಡೆ ಮೇಲೆ ನಿಂತು "ಅಗೋ ಅಲ್ಲಿ ಬಾವಿ" ಅಂತ ತೋರಿಸ್ತಿದ್ದ, ನನಗೆ ಕೆಸರು ಬಿಟ್ಟು ಏನೂ ಕಾಣ್ತಿರಲಿಲ್ಲ. ಇಲ್ಲಿ ಕನಿಷ್ಠ ಒಂದು ಗೋಪುರ ಆದರೂ ಇದೆ. ವಿಷಯ ಬಿಟ್ಟು ಹೋದೆ, ಕ್ಷಮಿಸಿ.

ಆಮೇಲೆ ಡೊಲೊಮೈಟ್ಸ್. ಕೊರ್ವಾರಾದಲ್ಲಿ ಮೂರು ರಾತ್ರಿ. ಗಾರ್ದೆನಾ, ಸೆಲ್ಲಾ, ಪೊರ್ದೊಯಿ, ಕಾಂಪೊಲೊಂಗೊ ನಾಲ್ಕು ಪಾಸು ಸೇರಿ ಒಂದೇ ಬೆಟ್ಟದ ಸುತ್ತ 60 ಕಿ.ಮೀ.ಯ ಪ್ರದಕ್ಷಿಣೆ. ಇನ್ನೊಂದು ದಿನ ಫಾಲ್ಸಾರೆಗೊ ಮತ್ತು ಜಾವ್. 2,236 ಮೀಟರಿನ ಜಾವ್ ನನ್ನ ಕಣ್ಣಿಗೆ ಸ್ಟೆಲ್ವಿಯೊಗಿಂತ ಚೆಂದ. ಕೊನೆಗೆ ಬ್ರುನಿಕೊ, ಲಿಯೆಂಟ್ಸ್ ಮೇಲೆ ಗ್ರೋಸ್‌ಗ್ಲಾಕ್ನರ್ ಹತ್ತಿ ಸೆಲ್ ಆಮ್ ಸೀಗೆ ಇಳೀರಿ. 1935ರಲ್ಲಿ ತೆರೆದ ರಸ್ತೆ, 48 ಕಿ.ಮೀ., 36 ಹೇರ್‌ಪಿನ್. ಬೈಕಿಗೆ ಟೋಲ್ 30 ಯೂರೋ ದಾಟುತ್ತೆ, ರಾತ್ರಿ ಮುಚ್ಚಿರುತ್ತೆ. ಸ್ಟೆಲ್ವಿಯೊದಲ್ಲಿ ಕೈ ಪಳಗಿದ ಮೇಲೆ ಇದು ಬಂದರೆ ಹಾಡು ಹೇಳ್ಕೊಂಡು ಹತ್ತಬಹುದು. ನೀವು ಇದನ್ನ ವಿಮಾನ ಇಳಿದ ದಿನವೇ ಇಟ್ಟಿದ್ದೀರಿ, ಬೈದಿದ್ದು ಅದಕ್ಕೇ. ಮಾರನೇ ದಿನ ಮ್ಯೂನಿಕ್. ಒಟ್ಟು 1,300 ಕಿ.ಮೀ.

ಗೇರ್ ನಾಲ್ಕು:

ಹಿನ್ನೀರು ಸರ್ ಹೇಳಿದ್ದು ಎಲ್ಲಾ ಸರಿ, ಆದರೆ ದುಡ್ಡಿನ ಮಾತೇ ಎತ್ತಲಿಲ್ಲ. ಆ ಕಡೆ ರೂಮು, ಊಟ, ಟೋಲ್ ಎಲ್ಲಾ ಮೈ ಸುಡುತ್ತೆ. ರೊಮೇನಿಯಾಗೆ ಹೋಗಿ. ಬುಕಾರೆಸ್ಟ್‌ನಲ್ಲಿ ಬೈಕ್ ಬಾಡಿಗೆಗೆ ಸಿಗುತ್ತೆ. ಟ್ರಾನ್ಸ್‌ಫಗರಾಶಾನ್ ರಸ್ತೆ, 2,042 ಮೀಟರ್, 1970ರ ದಶಕದಲ್ಲಿ ಅಲ್ಲಿನ ಸರ್ವಾಧಿಕಾರಿ ಚಾವ್‌ಶೆಸ್ಕು ಸೈನ್ಯ ಹಾಕಿ ಕಟ್ಟಿಸಿದ್ದು. ಪಕ್ಕದಲ್ಲೇ ಟ್ರಾನ್ಸಾಲ್ಪಿನಾ, 2,145 ಮೀಟರ್. 2025ರ ಜನವರಿಯಿಂದ ರೊಮೇನಿಯಾನೂ ಪೂರ್ತಿ ಶೆಂಗೆನ್, ಬೇರೆ ವೀಸಾ ಬೇಡ. ಹಳ್ಳಿಗಳಲ್ಲಿ ಇನ್ನೂ ಕುದುರೆಗಾಡಿ ಓಡುತ್ತೆ. ಒಂದೇ ಎಚ್ಚರ, ಕರಡಿ ರಸ್ತೆ ಬದಿಗೇ ಬಂದು ಕೂತಿರುತ್ತೆ. ಬಿಸ್ಕತ್ತು ಕೊಡೋಕೆ, ಫೋಟೊ ತೆಗೆಯೋಕೆ ನಿಲ್ಲಬೇಡಿ.

ಹಿಂದಿನ ಸೀಟು:

ಇಲ್ಲಿ ಬರೆಯೋರೆಲ್ಲ ಹ್ಯಾಂಡಲ್ ಹಿಡಿದವರು. ನಾನು ಮೈಸೂರಿನವಳು, ಯಜಮಾನರ ಹಿಂದೆ ಕೂತು ಡೊಲೊಮೈಟ್ಸ್ ಎರಡು ಸಲ ನೋಡಿದ್ದೇನೆ. ನಿಮ್ಮ ಅಕ್ಕನ ಪರವಾಗಿ ಬರೀತಿದ್ದೇನೆ ಅಂದುಕೊಳ್ಳಿ.

ವೀಸಾ: ವಿಮಾನ ಇಳಿಯೋ ದೇಶಕ್ಕಲ್ಲ, ಹೆಚ್ಚು ರಾತ್ರಿ ಕಳೆಯೋ ದೇಶಕ್ಕೆ ಹಾಕಬೇಕು. ಹಿನ್ನೀರು ಅವರ ಪ್ಲಾನ್‌ನಲ್ಲಿ ಪ್ರಾದ್ ನಾಲ್ಕು, ಕೊರ್ವಾರಾ ಮೂರು, ಒಟ್ಟು ಏಳು ರಾತ್ರಿ ಇಟಲಿ. ಮ್ಯೂನಿಕ್‌ಗೆ ಟಿಕೆಟ್ ಇದೆ ಅಂತ ಜರ್ಮನಿಗೆ ಹಾಕಿದ್ರೆ ತಿರಸ್ಕಾರ ಆಗಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಶುಲ್ಕ ದೊಡ್ಡವರಿಗೆ 90 ಯೂರೋ. ಆರೂ ಜನ ಒಂದೇ ದಿನ ಅಪಾಯಿಂಟ್‌ಮೆಂಟ್ ಸಿಗುತ್ತೆ ಅಂತ ನಂಬಬೇಡಿ, ಬೇಗ ಕೂರಿ. ವೀಸಾಗೆ 30,000 ಯೂರೋ ವಿಮೆ ಕಡ್ಡಾಯ. ಆದರೆ ಆ ವಿಮೆಯ ಸಣ್ಣಕ್ಷರ ಓದಿ. ದೊಡ್ಡ ಸಿಸಿ ಬೈಕ್ ಓಡಿಸುವಾಗ ಬಿದ್ದರೆ ಕೊಡಲ್ಲ ಅಂತ ಕೆಲವದರಲ್ಲಿ ಬರೆದಿರುತ್ತೆ. ಹಾಗಿದ್ರೆ ಅದು ವೀಸಾಗೆ ಮಾತ್ರ, ಮೂಳೆಗೆ ಅಲ್ಲ.

ಡಿಎಲ್: ಆರ್‌ಟಿಒದಲ್ಲಿ ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ. ಕೈಗೆ ಬಂದ ಕೂಡಲೇ ತೆರೆದು ನೋಡಿ. ಅದರಲ್ಲಿ ಎ ಅಂದ್ರೆ ಮೋಟಾರ್‌ಸೈಕಲ್, ಬಿ ಅಂದ್ರೆ ಕಾರು. ನಮ್ಮವರಿಗೆ ಬಿ ಮುಂದೆ ಮಾತ್ರ ಸೀಲು ಒತ್ತಿ ಕೊಟ್ಟಿದ್ದರು. ಹೊರಡೋಕೆ ನಾಲ್ಕು ದಿನ ಇದ್ದಾಗ ನನ್ನ ಕಣ್ಣಿಗೆ ಬಿತ್ತು. ಇವರು "ಅಷ್ಟೆಲ್ಲ ಯಾರು ನೋಡ್ತಾರೆ" ಅಂದರು. ಬಾಡಿಗೆ ಅಂಗಡಿಯ ಹುಡುಗಿ ಮೊದಲು ತೆರೆದಿದ್ದೇ ಆ ಪುಟ. ಪುಣ್ಯಕ್ಕೆ ಅಷ್ಟರಲ್ಲಿ ಸರಿ ಮಾಡಿಸಿದ್ದೆ. ಅಸಲಿ ಡಿಎಲ್ ಕೂಡ ಜೊತೆಗಿರಬೇಕು. ಡೆಪಾಸಿಟ್‌ಗೆ ಸವಾರನ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳ್ತಾರೆ, ನಮ್ಮ ಡೆಬಿಟ್ ಕಾರ್ಡ್ ತಗೊಳ್ಳಲಿಲ್ಲ.

ದಂಡ: ಇಟಲಿಯ ಹಳೇ ಪಟ್ಟಣಗಳಲ್ಲಿ ಝಡ್‌ಟಿಎಲ್ ಅಂತ ಫಲಕ ಇರೋ ಬೀದಿಗೆ ಹೊರಗಿನ ಗಾಡಿ ಹೋಗೋ ಹಾಗಿಲ್ಲ. ಪೊಲೀಸ್ ಇರಲ್ಲ, ಕ್ಯಾಮೆರಾ ಇರುತ್ತೆ. ಐಸ್‌ಕ್ರೀಂ ಅಂಗಡಿ ಹುಡುಕ್ತಾ ಒಂದು ಬೀದಿಗೆ ನುಗ್ಗಿದ್ದಕ್ಕೆ ನಾಲ್ಕು ತಿಂಗಳಾದ ಮೇಲೆ ಮನೆಗೆ ಕಾಗದ ಬಂತು. ಬಾಡಿಗೆಯವರು ನಮ್ಮ ವಿಳಾಸ ಕೊಟ್ಟಿದ್ದಕ್ಕೆ ಬೇರೆ ಸರ್ವಿಸ್ ಚಾರ್ಜ್. ಅಷ್ಟು ದುಬಾರಿ ಐಸ್‌ಕ್ರೀಂ ನಾನು ಜನ್ಮದಲ್ಲಿ ತಿಂದಿಲ್ಲ.

ಊಟ: ಭಾವನಿಗೆ ಕಷ್ಟ ಇಲ್ಲ. ಅಕ್ಕನಿಗೆ ಇದೆ. ಆ ಕಡೆಯ ಕ್ನೋಡೆಲ್ ಉಂಡೆ, ಸ್ಪೆಟ್ಸ್‌ಲೆ, ಕೈಸರ್‌ಶ್ಮಾರ್ನ್ ಎಲ್ಲದಕ್ಕೂ ಮೊಟ್ಟೆ ಬೀಳುತ್ತೆ. "ಮಾಂಸ ಇಲ್ಲ" ಅಂದ್ರೆ ಮೊಟ್ಟೆ ಇಲ್ಲ ಅಂತ ಅವರಿಗೆ ಅರ್ಥ ಆಗಲ್ಲ, ಬಿಡಿಸಿ ಕೇಳಿ. ನಾನು ಬದುಕಿದ್ದು ಮಾರ್ಗರೀಟಾ ಪಿಜ್ಜಾ, ಟೊಮೇಟೊ ಸಾರಿನ ಸ್ಪಗೆಟ್ಟಿ, ಪೊಲೆಂಟಾ ಮೇಲೆ. ಪೊಲೆಂಟಾ ಅಂದ್ರೆ ಜೋಳದ ಮುದ್ದೆ ಅಷ್ಟೇ, ಗೋವಿನಜೋಳದ್ದು. ಸಾರಿಲ್ಲದ ಮುದ್ದೆ ನುಂಗೋಕೆ ಚಟ್ನಿಪುಡಿ ಒಯ್ದಿದ್ದೆ. ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚುತ್ತಾರೆ, ಸಂಜೆ ಆರರವರೆಗೆ ಕಾಫಿ ಕೇಕ್ ಮಾತ್ರ. ಆಸ್ಟ್ರಿಯಾ, ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿಯೂ ಇಲ್ಲ. ಶನಿವಾರವೇ ಬ್ರೆಡ್ಡು, ಬಾಳೆಹಣ್ಣು ತುಂಬಿಕೊಳ್ಳಿ.

ಕೊನೆಗೆ ಚಳಿ. ಮ್ಯೂನಿಕ್‌ನಲ್ಲಿ 25 ಡಿಗ್ರಿ ಇದ್ದ ದಿನ ಸ್ಟೆಲ್ವಿಯೊ ಮೇಲೆ ಹತ್ತರ ಹತ್ತಿರ. ಓಡಿಸೋರಿಗೆ ಕೈಕಾಲಿಗೆ ಕೆಲಸ ಇರುತ್ತೆ, ಬಿಸಿ ಇರ್ತಾರೆ. ಹಿಂದೆ ಕೂತವರು ಕಲ್ಲಾಗಿರ್ತಾರೆ. ಒಳ್ಳೇ ಗ್ಲೌಸ್, ಮಳೆ ಪ್ಯಾಂಟ್ ಮೊದಲು ಅಕ್ಕನಿಗೆ ಕೊಡಿಸಿ, ಉಳಿದ ದುಡ್ಡಲ್ಲಿ ಭಾವನಿಗೆ. ಮತ್ತೆ, ಹೇರ್‌ಪಿನ್‌ನಲ್ಲಿ ನಾವು ಹೆದರಿ ಹೊರಗಡೆ ವಾಲಿದ್ರೆ ಬೈಕ್ ತಿರುಗಲ್ಲ. ಓಡಿಸುವವರ ಒಳಭುಜದ ಮೇಲಿಂದ ನೋಡ್ತಾ ಕೂತರೆ ಮೈ ತಾನಾಗಿ ಸರಿ ಬರುತ್ತೆ. ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ.

ಬಿಸಿಲೆ ಬುಲೆಟ್:

ಎಲ್ಲರಿಗೂ ಥ್ಯಾಂಕ್ಸ್. ಬೈಸಿಕೊಂಡಿದ್ದು ಸಾರ್ಥಕ ಆಯ್ತು. ಮೇ ಕೈಬಿಟ್ವಿ. ಆಗಸ್ಟ್ 29 ಇಳಿಯೋದು, ಸೆಪ್ಟೆಂಬರ್ 9 ಹೊರಡೋದು. ಮಕ್ಕಳನ್ನ ಅಮ್ಮ ನೋಡ್ಕೋತಾರೆ. ಗಣೇಶನ ಹಬ್ಬಕ್ಕೆ ಇರ್ತೀವಿ ಅಂದಿದ್ದಕ್ಕೆ ಒಪ್ಪಿದ್ದು. ರೊಮೇನಿಯಾ ಇನ್ನೊಂದು ಸಲ. ಕರಡಿ ಅಂದ ಕೂಡಲೇ ಅಕ್ಕ ಎದ್ದು ಹೋದಳು.

ಎರಡು ತಕರಾರು ಉಳಿದಿವೆ. ನಮ್ಮ ಗೆಳೆಯ ಒಬ್ಬ ಫುರ್ಕಾ ಬಿಡಲ್ಲ ಅಂತಾನೆ, ಪ್ರಾದ್‌ನಿಂದ ಒಂದೇ ದಿನದಲ್ಲಿ ಹೋಗಿ ಬರ್ತಾನಂತೆ. ಇನ್ನೊಂದು, ಭಾವ ತಗೊಂಡ್ರೆ ಬಿಎಂಡಬ್ಲ್ಯುನ 1250 ಜಿಎಸ್ಸೇ ಅಂತ ಕೂತಿದ್ದಾರೆ. ಜೀವನದಲ್ಲಿ ಒಂದು ಸಲ ಅಂತ.

ಹಿನ್ನೀರು:

ಫುರ್ಕಾ ಗೆಳೆಯನಿಗೆ ಹೇಳಿ, ಹೋಗಲು ಬರಲು 400 ಕಿ.ಮೀ. ದಾಟುತ್ತೆ, ಎಲ್ಲಾ ಘಾಟಿ. ಅಲ್ಲಿ ರೋನ್ ಹಿಮನದಿ ಪಕ್ಕದ ಪ್ರಸಿದ್ಧ ಹೋಟೆಲ್ 2015ರಿಂದ ಬಾಗಿಲು ಹಾಕಿದೆ, ಅವನಿಗೆ ಚಹಾನೂ ಸಿಗಲ್ಲ. ಆದರೂ ಹೋಗ್ತೀನಿ ಅಂದ್ರೆ ಒಬ್ಬನೇ ಹೋಗಲಿ, ರಾತ್ರಿ ಅಲ್ಲೇ ಎಲ್ಲಾದರೂ ಉಳಿದು ಬರಲಿ. ಅವನಿಗೋಸ್ಕರ ಐದು ಜನ ಕತ್ತಲಲ್ಲಿ ಓಫೆನ್ ಪಾಸ್ ಇಳಿಯೋದು ಬೇಡ. ಸ್ವಿಸ್ ಕಡೆ ಊರ ಹೊರಗೆ 80, ಊರೊಳಗೆ 50, ಒಂದು ಕಿ.ಮೀ. ಜಾಸ್ತಿಗೂ ಲೆಕ್ಕ ಇಡ್ತಾರೆ. ಹೊತ್ತಾಯ್ತು ಅಂತ ಆಕ್ಸಿಲರೇಟರ್ ತಿರುಚಿದ್ರೆ ಬೈಕ್ ಬಾಡಿಗೆಗಿಂತ ದಂಡವೇ ದೊಡ್ಡದಾಗುತ್ತೆ.

1250 ಜಿಎಸ್ ಒಳ್ಳೇ ಬೈಕೇ. ತೂಕ 249 ಕಿಲೊ. ಅದರ ಮೇಲೆ ಭಾವ, ಅಕ್ಕ, ಪೆಟ್ಟಿಗೆ. ಭಾವನ ಎತ್ತರ ಎಷ್ಟು ಅಂತ ಕೇಳಲ್ಲ. ನಿಮ್ಮ ಕಾಫಿ ಕಣ ಈಗ ಖಾಲಿ ಇರಬೇಕಲ್ಲ? ಸುಣ್ಣದಲ್ಲಿ ಆರು ಮೀಟರ್ ಅಗಲಕ್ಕೆ ಎರಡು ಗೆರೆ ಎಳೀರಿ. ಭಾವ ತಮ್ಮ ಈಗಿನ ಬೈಕಿನಲ್ಲೇ ಅಕ್ಕನ್ನ ಕೂರಿಸಿಕೊಂಡು, ಮೊದಲ ಗೇರಿನಲ್ಲಿ, ಹಿಂದಿನ ಬ್ರೇಕ್ ಸ್ವಲ್ಪ ಹಿಡಿದು, ಕತ್ತು ಪೂರ್ತಿ ಬಲಕ್ಕೆ ತಿರುಗಿಸಿ, ಗೆರೆ ದಾಟದೇ ಬಲಕ್ಕೆ ಹತ್ತು ಸುತ್ತು ತಿರುಗಲಿ. ಕಾಲು ಇಡೋ ಹಾಗಿಲ್ಲ. ಹತ್ತಕ್ಕೆ ಹತ್ತು ಬಂದರೆ ಜಿಎಸ್ ತಗೊಳ್ಳಿ. ಇಲ್ಲದಿದ್ರೆ 700-800 ಸಿಸಿಯದ್ದು ಯಾವುದಾದರೂ ಸಾಕು.

ಬಿಸಿಲೆ ಬುಲೆಟ್:

ಕಣದ ವರದಿ. ಭಾನುವಾರ ಬೆಳಿಗ್ಗೆ ಗೆರೆ ಎಳೆದ್ವಿ. ತೋಟದ ಆಳುಗಳು, ಮಕ್ಕಳು, ಪಕ್ಕದ ಎಸ್ಟೇಟಿನವರು ಎಲ್ಲಾ ಬಂದು ನಿಂತರು. ಎಡಕ್ಕೆ ಭಾವ ಹತ್ತಕ್ಕೆ ಹತ್ತು. ಬಲಕ್ಕೆ ಮೂರನೇ ಸುತ್ತಿಗೆ ಗೆರೆ ದಾಟಿದರು, ಐದನೇದಕ್ಕೆ ಮಗುಚಿದರು. ಪೆಟ್ಟಾಗಿಲ್ಲ, ಮರ್ಯಾದೆ ಮಾತ್ರ. ಅಕ್ಕ ಎದ್ದು ಸೀರೆ ಕೊಡವಿಕೊಂಡು "ನಾನೇ ಓಡಿಸ್ತೀನಿ, ಇವರು ಹಿಂದೆ ಕೂರಲಿ" ಅಂದಳು. ಇಡೀ ಕಣ ಚಪ್ಪಾಳೆ. ಅವಳ ಡಿಎಲ್‌ನಲ್ಲಿ ಇರೋದು ಗೇರಿಲ್ಲದ ಸ್ಕೂಟರ್ ಮಾತ್ರ.

ಜಿಎಸ್ ಮಾತು ಭಾವ ಎತ್ತುತ್ತಿಲ್ಲ. ಆದರೆ ದಿನಾ ಬೆಳಿಗ್ಗೆ ಆರಕ್ಕೆ ಕಣದಲ್ಲಿ ಬೈಕಿನ ಸದ್ದು ಕೇಳ್ತಿದೆ.